ಲಿಬ್‌ಜೆವಿಎಂ ಲಾಘವ ಮೀಮಾಂಸೆ

ಪೀಠಿಕೆ

ಈ ವಿಷಯದ ಬಗ್ಗೆ ಕನ್ನಡದಲ್ಲಿ ಸಮಗ್ರ ಅಧ್ಯಯನ ನಡೆದಿಲ್ಲವೆಂದು ಪೀಠಿಕೆಯಲ್ಲಿ ವಿಷಾದಿಸುವುದು ಸಂಶೋಧನಾ ಪ್ರಬಂಧಗಳ ವಾಡಿಕೆ. ನಾವೂ ವಿಷಾದಿಸಿದ್ದೇವೆ. ಇನ್ನು ವಿಷಯಕ್ಕೆ ಬರಬಹುದು.

ಜಾವಾದಲ್ಲಿ ಬರೆದ ಪ್ರೋಗ್ರಾಮು ಪ್ರೊಸೆಸರಿನ ಮೇಲೆ ನೇರವಾಗಿ ಓಡುವುದಿಲ್ಲ. ನಡುವೆ ಒಂದು ವರ್ಚುವಲ್ ಮಷೀನ್ ಕೂತಿರುತ್ತದೆ. ಇಲ್ಲದ ಯಂತ್ರ ಇದ್ದಂತೆ ತೋರುವುದರಿಂದ ಅದ್ವೈತಿಗಳು ಇದನ್ನು ಮಿಥ್ಯೆ ಎಂದಾರು. ಆದರೆ ಡಿಸ್ಕಿನಲ್ಲಿ ಅದು ಹಿಡಿಯುವ ಜಾಗ ಮಾತ್ರ ಪರಮ ಸತ್ಯ. ಓಪನ್‌ಜೆಡಿಕೆ ಯೋಜನೆಯ ಹಾಟ್‌ಸ್ಪಾಟ್ ಎಂಬ ಯಂತ್ರ ಬಹುಪಾಲು ಸಿ++ನಲ್ಲಿ ಬರೆದದ್ದು. ಲಿನಕ್ಸಿನಲ್ಲಿ ಕಂಪೈಲ್ ಮಾಡಿದರೆ ಲಿಬ್‌ಜೆವಿಎಂ ಎಂಬ ಒಂದೇ ಕಡತವಾಗಿ ಹೊರಬೀಳುತ್ತದೆ. ತೂಕ 20 ಎಂಬಿಯ ಆಸುಪಾಸು. ಈ ಮೈಯನ್ನು ಕಂಪೈಲರಿನ ಕೈಲಿ ಕರಗಿಸುವುದು ಹೇಗೆ, ಕರಗಿಸಲು ಹೊರಟವರು ಯಾರ ಮೈ ಮುಟ್ಟದೆ ಬಿಟ್ಟರು, ಬಿಟ್ಟದ್ದಕ್ಕೆ ಸಮರ್ಥನೆ ಉಂಟೇ ಎಂಬುದು ಪ್ರಸ್ತುತ ಪ್ರಬಂಧದ ವ್ಯಾಪ್ತಿ.

ಅರ್ಧ ಮಾತ್ರೆ ಉಳಿದರೆ ಗಂಡು ಮಗು ಹುಟ್ಟಿದಷ್ಟು ಸಂಭ್ರಮ ಪಡುವವರು ವೈಯಾಕರಣರು ಎಂಬ ಹಳೆಯ ಮಾತುಂಟು. ಅರ್ಧ ಕಿಲೋಬೈಟ್ ಉಳಿದರೆ ಅಷ್ಟೇ ಸಂಭ್ರಮ ಪಡುವ ಇನ್ನೊಂದು ಪಂಗಡ ಈ ಕಾಲದಲ್ಲಿದೆ. ಎರಡೂ ಪಂಗಡದವರ ಮನೆಯಲ್ಲಿ ಈ ಸಂಭ್ರಮಕ್ಕೆ ಪಾಯಸ ಮಾಡುವುದಿಲ್ಲ ಎಂಬುದು ಅವರಿಬ್ಬರ ನಡುವಿನ ಗಟ್ಟಿ ನಂಟು. ಆದಕಾರಣ ಈ ವಿಷಯವನ್ನು ವ್ಯಾಕರಣದ ಕ್ರಮದಲ್ಲೇ ವಿಚಾರಿಸುವುದು ಯುಕ್ತ. ಕೇಶಿರಾಜ 13ನೇ ಶತಮಾನದಲ್ಲಿ ‘ಶಬ್ದಮಣಿದರ್ಪಣ’ಕ್ಕೆ ಸೂತ್ರ, ವೃತ್ತಿ, ಪ್ರಯೋಗ ಎಂಬ ಮೆಟ್ಟಿಲು ಹಾಕಿಕೊಂಡ. ನಾವೂ ಅದೇ ಮೆಟ್ಟಿಲು ಹತ್ತುತ್ತೇವೆ. ಅವನ ಸೂತ್ರಗಳು ಕಂದಪದ್ಯದಲ್ಲಿವೆ, ನಮ್ಮವು ಮೇಕ್‌ಫೈಲಿನಲ್ಲಿವೆ. ಛಂದೋಭಂಗಕ್ಕೆ ಎರಡೂ ಕಡೆ ಕ್ಷಮೆಯಿಲ್ಲ. ಮೇಕ್‌ಫೈಲಿನಲ್ಲಿ ಆಜ್ಞೆಯ ಸಾಲು ಟ್ಯಾಬಿನಿಂದ ಶುರುವಾಗಬೇಕು. ನೋಡಲು ಅಷ್ಟೇ ಅಗಲದ ಎಂಟು ಸ್ಪೇಸ್ ಹೊಡೆದವನಿಗೆ ‘ಮಿಸ್ಸಿಂಗ್ ಸೆಪರೇಟರ್’ ಎಂಬ ಶಾಪ ತಪ್ಪದು.

ಕಾಲದೇಶ ವಿಚಾರ

ಕೃಶಯಂತ್ರದ ಪರಂಪರೆ ನಿನ್ನೆ ಮೊನ್ನೆಯದಲ್ಲ. ಸನ್ ಕಂಪನಿ 1999ರಲ್ಲಿ ಕೆವಿಎಂ ಎಂಬ ಪುಟ್ಟ ಯಂತ್ರವನ್ನು ಹೊರತಂದಾಗ ಅದರ ‘ಕೆ’ ಅಕ್ಷರ ಕಿಲೋಬೈಟನ್ನು ಸೂಚಿಸುತ್ತಿತ್ತು. ಅದು ಕೂರಬೇಕಾಗಿದ್ದ ಮೊಬೈಲು, ಪೇಜರುಗಳ ಒಟ್ಟು ಮೆಮೊರಿ 160ರಿಂದ 512 ಕೆಬಿ ಎಂದು ಸಿಎಲ್‌ಡಿಸಿ ಎಂಬ ನಿಯಮಾವಳಿ ಲೆಕ್ಕ ಹಾಕಿತ್ತು. ಇಂದು ವಾಟ್ಸ್ಯಾಪಿನಲ್ಲಿ ಬರುವ ಒಂದು ಶುಭೋದಯದ ಚಿತ್ರ ಆ ಇಡೀ ಪ್ರಪಂಚವನ್ನು ನುಂಗಿ ನೀರು ಕುಡಿಯಬಲ್ಲದು.

ಎರಡನೆಯ ಘಟ್ಟ 2014ರಲ್ಲಿ ಬಂದ ಜಾವಾ 8. ಜೆಇಪಿ 148 ಎಂಬ ಪ್ರಸ್ತಾವನೆ 3 ಎಂಬಿ ಮೀರದ ಯಂತ್ರವೊಂದನ್ನು ಕಟ್ಟಲು ಸಾಧ್ಯವಾಗಬೇಕೆಂದು ಸಂಕಲ್ಪ ಮಾಡಿತು. ಹುಟ್ಟಿದ್ದೇ ಮಿನಿಮಲ್ ಎಂಬ ರೂಪ. ಅದರಲ್ಲಿ ಇರುವುದು ಸಿ1 ಎಂಬ ಚಿಕ್ಕ ಕಂಪೈಲರು, ಸೀರಿಯಲ್ ಎಂಬ ಒಬ್ಬಂಟಿ ಕಸಗುಡಿಸುವವನು (ಕಸವೆಂದರೆ ಬಳಸಿ ಬಿಟ್ಟ ಮೆಮೊರಿ). ಅದೇ ಕೆಲಸದ ಜಿ1 ಇಲ್ಲ, ಪ್ಯಾರಲಲ್ ಇಲ್ಲ, ಡೀಬಗ್ಗರಿಗೆ ಬಾಗಿಲು ತೆರೆಯುವ ಜೆವಿಎಂಟಿಐ ಇಲ್ಲ, ನಿಗಾ ವ್ಯವಸ್ಥೆಯಿಲ್ಲ. ಮೂರನೆಯ ಘಟ್ಟ 2017ರ ಜಾವಾ 9. ಜೆಇಪಿ 284 ಹಾಟ್‌ಸ್ಪಾಟಿನ ಹಳೆಯ ಬಿಲ್ಡ್ ವ್ಯವಸ್ಥೆಯನ್ನು ಕಿತ್ತು ಹೊಸದಾಗಿ ಬರೆಯಿತು. ನಮ್ಮ ಪ್ರಬಂಧಕ್ಕೆ ಆಧಾರವಾದ ಮೂಲಪಾಠ ಸಿಗುವುದು ಈ ಹೊಸ ವ್ಯವಸ್ಥೆಯ ‘ಜೆವಿಎಂಫೀಚರ್ಸ್’ ಎಂಬ ಕಡತದಲ್ಲಿ.

ಇಲ್ಲಿ ಒಂದು ಪ್ರಾಸಂಗಿಕ ವಿಚಾರ. ಓಪನ್‌ಜೆಡಿಕೆ ಕಟ್ಟುವವರಿಗೆಂದು ಬರೆದ ಕೈಪಿಡಿ ಕನಿಷ್ಠ 6 ಜಿಬಿ ಖಾಲಿ ಜಾಗ ಇಟ್ಟುಕೊಳ್ಳಿ ಎನ್ನುತ್ತದೆ. 3 ಎಂಬಿಯ ಸಂಕಲ್ಪಕ್ಕೆ 6 ಜಿಬಿಯ ಯಾಗಶಾಲೆ. ಅದೂ ಅಲ್ಲದೆ ಜಾವಾ ಕಟ್ಟಬೇಕಾದರೆ ಅದಕ್ಕಿಂತ ಒಂದು ಆವೃತ್ತಿ ಹಿಂದಿನ ಜಾವಾ ಮೊದಲೇ ಮನೆಯಲ್ಲಿರಬೇಕು. ಬೀಜವೃಕ್ಷ ನ್ಯಾಯಕ್ಕೆ ಇನ್ನು ಮುಂದೆ ತರ್ಕಶಾಸ್ತ್ರದವರು ಬೀಜವನ್ನೂ ವೃಕ್ಷವನ್ನೂ ಹುಡುಕಿಕೊಂಡು ತೋಟಕ್ಕೆ ಹೋಗಬೇಕಾಗಿಲ್ಲ.

ಸೂತ್ರ ಮತ್ತು ವೃತ್ತಿ

ಸೂತ್ರ: ಬ್ಯಾಷ್ ಕಾನ್ಫಿಗರ್ --ವಿತ್-ಜೆವಿಎಂ-ವೇರಿಯಂಟ್ಸ್=ಮಿನಿಮಲ್ --ಎನೇಬಲ್-ಜೆವಿಎಂ-ಫೀಚರ್-ಆಪ್ಟ್-ಸೈಜ್.

ವೃತ್ತಿ: ಕಾನ್ಫಿಗರ್ ಎಂಬುದು ಬಿಲ್ಡಿಗೆ ಮುನ್ನ ನಡೆಯುವ ಪಂಚಾಂಗ ಶ್ರವಣ. ಯಂತ್ರ ಯಾವುದು, ಕಂಪೈಲರು ಯಾವುದು, ಯಾವ ಲೈಬ್ರರಿ ಇದೆ, ಯಾವುದಿಲ್ಲ ಎಂದು ವಿಚಾರಿಸಿ ತಿಳಿದದ್ದನ್ನೆಲ್ಲ ‘ಸ್ಪೆಕ್’ ಎಂಬ ಕಡತದಲ್ಲಿ ಬರೆದಿಡುತ್ತದೆ. ‘ಮಿನಿಮಲ್’ ಎಂಬ ಪದದಿಂದ ಯಾವ ಅಂಗಗಳು ಇರಬೇಕು ಎಂಬುದು ನಿರ್ಣಯವಾಯಿತು. ‘ಆಪ್ಟ್-ಸೈಜ್’ ಎಂಬ ಪದದಿಂದ, ಉಳಿದ ಅಂಗಗಳನ್ನು ಯಾವ ಬಗೆಯಲ್ಲಿ ಕಂಪೈಲ್ ಮಾಡಬೇಕು ಎಂಬುದು ನಿರ್ಣಯವಾಯಿತು. ಇವೆರಡನ್ನು ಒಂದೇ ಎಂದು ತಿಳಿಯುವುದು ಅತಿವ್ಯಾಪ್ತಿ ದೋಷ. ಮೊದಲನೆಯದು ಪಂಕ್ತಿಯಿಂದ ಎಬ್ಬಿಸುವುದು, ಎರಡನೆಯದು ಕೂತವರ ಎಲೆಗೆ ಕಡಿಮೆ ಬಡಿಸುವುದು. ಮೈ ಕರಗುವುದರಲ್ಲಿ ದೊಡ್ಡ ಪಾಲು ಎಬ್ಬಿಸಿದ್ದರಿಂದಲೇ ಬರುತ್ತದೆಂದು ಇಲ್ಲೇ ಒಪ್ಪಿಕೊಂಡುಬಿಡುತ್ತೇವೆ. ಹಾಗೆ ಒಪ್ಪಿಕೊಂಡರೆ ಉಳಿದ ಪ್ರಬಂಧ ನಿರರ್ಥಕವಾಗುವುದಿಲ್ಲವೇ ಎಂದರೆ, ಪ್ರಬಂಧಗಳ ಸಾರ್ಥಕ್ಯ ನೈರರ್ಥಕ್ಯಗಳನ್ನು ಸ್ವತಃ ಪ್ರಬಂಧಕಾರನು ನಿರ್ಣಯಿಸುವ ಪದ್ಧತಿ ನಮ್ಮಲ್ಲಿಲ್ಲ.

ಕಾನ್ಫಿಗರ್ ಮುಗಿದ ಮೇಲೆ ಮೇಕ್ ಬರುತ್ತದೆ. ಆಪ್ಟ್-ಸೈಜ್ ಎಂಬ ಪದ ಸ್ಪೆಕ್‌ನಲ್ಲಿದೆಯೇ ಎಂದು ನೋಡಿ, ಇದ್ದರೆ ‘ಜೆವಿಎಂ ಆಪ್ಟಿಮೈಸೇಶನ್’ ಎಂಬ ವೇರಿಯಬಲ್ಲಿಗೆ ‘ಸೈಜ್’ ಎಂಬ ಬೆಲೆ ಕೊಡುತ್ತದೆ. ಜಿಸಿಸಿ ಎಂಬ ಕಂಪೈಲರಿನ ಪ್ರಾಂತ್ಯದಲ್ಲಿ ಆ ‘ಸೈಜ್’ ಎಂಬುದು -ಓಎಸ್ ಎಂಬ ಫ್ಲ್ಯಾಗ್ ಆಗಿ ಅವತರಿಸುತ್ತದೆ. ಹಾಟ್‌ಸ್ಪಾಟಿಗೆ ಸಹಜವಾಗಿದ್ದ, ವೇಗಕ್ಕೆ ಒತ್ತು ಕೊಡುವ -ಓ3 ಅಲ್ಲಿಗೆ ಪದಚ್ಯುತ.

-ಓಎಸ್ ಏನು ಮಾಡುತ್ತದೆ? -ಓ3ಕ್ಕಿಂತ ಒಂದು ಮೆಟ್ಟಿಲು ಕೆಳಗಿನ -ಓ2 ಮಾಡುವುದನ್ನೆಲ್ಲ ಮಾಡುತ್ತದೆ, ಕೋಡು ಊದಿಸುವ ಕೆಲವನ್ನು ಬಿಟ್ಟು. ಉದಾಹರಣೆಗೆ, 64-ಬಿಟ್ ಇಂಟೆಲ್ ಜಾತಿಯ ಪ್ರೊಸೆಸರುಗಳಲ್ಲಿ -ಓ2 ಪ್ರತಿ ಫಂಕ್ಷನ್ನನ್ನೂ ಸಾಮಾನ್ಯವಾಗಿ 16 ಬೈಟುಗಳ ಗಡಿಯಿಂದ ಶುರುಮಾಡುತ್ತದೆ. ಹಿಂದಿನದು ಗಡಿಗೆ ಮುಂಚೆಯೇ ಮುಗಿದರೆ ನಡುವಿನ ಖಾಲಿಯನ್ನು ‘ನಾಪ್’ ಎಂಬ, ಏನೂ ಮಾಡದ ಆದೇಶಗಳಿಂದ ತುಂಬುತ್ತದೆ. -ಓಎಸ್ ಈ ಅಲಂಕಾರವನ್ನು ಒಪ್ಪುವುದಿಲ್ಲ. ನಾಪ್‌ಗಳನ್ನು ಓಡಿಸಿ ಫಂಕ್ಷನ್ನುಗಳನ್ನು ಒಂದಕ್ಕೊಂದು ಅಂಟಿಸಿ ಕೂರಿಸುತ್ತದೆ. ಪುಟ ತುಂಬಿಸುವ ವಿದ್ಯೆಯಲ್ಲಿ ಪಳಗಿದ ಸಂಶೋಧಕರಿಗೆ ಇದು ಕ್ರೂರವಾಗಿ ಕಂಡರೆ ಅದು ಸಹಜ.

ಭಾಗಾಕಾರ ಪ್ರಯೋಗ

ಪ್ರಯೋಗವಿಲ್ಲದ ಸೂತ್ರ ವಂಧ್ಯ. ಆದ್ದರಿಂದ ಒಂದು ಚಿಕ್ಕ ವಾಕ್ಯವನ್ನು ಹತ್ತಿರದಿಂದ ನೋಡೋಣ: ಧನಪೂರ್ಣಾಂಕವೊಂದನ್ನು 10ರಿಂದ ಭಾಗಿಸು. ಮೂರನೆಯ ತರಗತಿಯ ಹುಡುಗನೂ ಮಾಡುವ ಲೆಕ್ಕ.

-ಓ2 ಈ ಲೆಕ್ಕವನ್ನು ಮಾಡುವುದಿಲ್ಲ. ಅದು ಸಂಖ್ಯೆಯನ್ನು 3435973837ರಿಂದ ಗುಣಿಸಿ, ಬಂದದ್ದನ್ನು 35 ಬಿಟ್ ಬಲಕ್ಕೆ ಸರಿಸುತ್ತದೆ. ಉತ್ತರ ಸರಿಯಾಗಿ ಬರುತ್ತದೆ. ಎರಡರ 35ನೇ ಘಾತ 34359738368. ಅದರ ಹತ್ತನೇ ಒಂದು ಪಾಲು 3435973836.8. ಆ ಎಂಟು ದಶಾಂಶವನ್ನು ಮೇಲಕ್ಕೆ ಪೂರ್ಣಮಾಡಿದರೆ ನಮ್ಮ ಮಂತ್ರಸಂಖ್ಯೆ ಸಿದ್ಧ. ಹತ್ತರಿಂದ ಭಾಗಿಸುವುದು ಎಂದರೆ ಈ ಸಂಖ್ಯೆಯಿಂದ ಗುಣಿಸಿ 35 ಹೆಜ್ಜೆ ಸರಿಯುವುದು ಎಂದಾಯಿತು. ಪೂರ್ಣಮಾಡುವಾಗ ಹೆಚ್ಚಾದ ಚೂರು 32 ಬಿಟ್ಟಿನ ಯಾವ ಸಂಖ್ಯೆಗೂ ಉತ್ತರ ಕೆಡಿಸುವಷ್ಟು ದೊಡ್ಡದಲ್ಲ. ಇಷ್ಟೆಲ್ಲ ಸುತ್ತುವುದೇಕೆ? ಗುಣಾಕಾರಕ್ಕೆ ಪ್ರೊಸೆಸರು ಮೂರು ಸೈಕಲ್ ತೆಗೆದುಕೊಂಡರೆ ಹಳೆಯ ಇಂಟೆಲ್ ಚಿಪ್ಪುಗಳಲ್ಲಿ ಭಾಗಾಕಾರ ಇಪ್ಪತ್ತಕ್ಕೂ ಹೆಚ್ಚು ನುಂಗುತ್ತಿತ್ತು.

-ಓಎಸ್‌ಗೆ ಈ ಪಾಂಡಿತ್ಯ ಬೇಡ. ಅದು 10 ಎಂಬ ಸಂಖ್ಯೆಯನ್ನು ಒಂದು ರಿಜಿಸ್ಟರಿಗೆ ಹಾಕಿ, ಇನ್ನೊಂದನ್ನು ಸೊನ್ನೆ ಮಾಡಿ, ‘ಡಿವ್’ ಎಂದು ಸುಮ್ಮನೆ ಭಾಗಿಸುತ್ತದೆ. ಅಷ್ಟು ಹೊತ್ತೂ ಪ್ರೊಸೆಸರು ಏದುಸಿರು ಬಿಡುತ್ತಿರುತ್ತದೆ, ಬೈಟು ಉಳಿಯುತ್ತದೆ. ಮೊದಲನೆಯವನು ಅಡ್ಡದಾರಿ ಬಲ್ಲ ವಾಚಾಳಿ, ಎರಡನೆಯವನು ಒಂದೇ ಮಾತಾಡಿ ಇಡೀ ದಿನ ದುಡಿಯುವವನು. ಲಾಘವ ಎಂದರೆ ಮಾತಿನ ಲಾಘವವೋ ಕೆಲಸದ ಲಾಘವವೋ ಎಂಬ ಪ್ರಶ್ನೆ ಇಲ್ಲಿ ತಲೆಯೆತ್ತುತ್ತದೆ.

ಪೂರ್ವಪಕ್ಷಿಯೊಬ್ಬ ಕೇಳಬಹುದು: ಚಿಕ್ಕ ಕೋಡೇ ವೇಗದ ಕೋಡಾಗಬಾರದೇಕೆ? ಪ್ರೊಸೆಸರಿನ ಒಳಮನೆಯಲ್ಲಿ ಆದೇಶಗಳನ್ನು ಇಟ್ಟುಕೊಳ್ಳುವ ಕ್ಯಾಶು ಅನೇಕ ಚಿಪ್ಪುಗಳಲ್ಲಿ 32 ಕೆಬಿ ಮಾತ್ರ. ಕೋಡು ಚಿಕ್ಕದಾದಷ್ಟೂ ಅದರಲ್ಲಿ ಹೆಚ್ಚು ಹಿಡಿಯುತ್ತದೆ, ಹೊರಗೆ ಹೋಗಿ ತರುವ ಅಲೆದಾಟ ತಪ್ಪುತ್ತದೆ. ಲಿನಕ್ಸ್ ಕರ್ನಲಿನಲ್ಲೂ ಗಾತ್ರಕ್ಕಾಗಿ ಕಂಪೈಲ್ ಮಾಡುವ ಆಯ್ಕೆ ಉಂಟಲ್ಲ! ಸಿದ್ಧಾಂತಿಯ ಉತ್ತರ: ಆಗಬಹುದು, ಆಗದೆಯೂ ಇರಬಹುದು, ಅಳೆದು ನೋಡು. ಪೂರ್ವಪಕ್ಷಿಗಳು ಅಳೆದು ನೋಡುವವರಾಗಿದ್ದರೆ ಪೂರ್ವಪಕ್ಷಿಗಳಾಗಿ ಉಳಿಯುತ್ತಿರಲಿಲ್ಲ. ಹಾಗಾಗಿ ವಾದ ಇಂದಿಗೂ ಜೀವಂತವಾಗಿದೆ.

ಅಪವಾದ ಪ್ರಕರಣ

ಈಗ ಪ್ರಬಂಧದ ಹೃದಯಭಾಗ. ವ್ಯಾಕರಣದಲ್ಲಿ ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ವಿಧಿಗೆ ಉತ್ಸರ್ಗ ಎಂದು ಹೆಸರು, ಅದನ್ನು ತಡೆಯುವ ವಿಶೇಷ ವಿಧಿಗೆ ಅಪವಾದ. ಉತ್ಸರ್ಗಕ್ಕಿಂತ ಅಪವಾದ ಬಲಶಾಲಿ. -ಓಎಸ್ ಉತ್ಸರ್ಗ. ಜೆವಿಎಂಫೀಚರ್ಸ್ ಕಡತದಲ್ಲಿ ಅದನ್ನು ಸಾರಿದ ಸಾಲು ಒಂದೇ. ಅದರ ಕೆಳಗೇ ‘ಆಪ್ಟ್ ಸ್ಪೀಡ್ ಸೋರ್ಸ್’ ಎಂಬ ಪಟ್ಟಿ ಶುರುವಾಗುತ್ತದೆ. ಅಲೊಕೇಶನ್, ಅಸೆಂಬ್ಲರ್ ಎಂದು ಅಕಾರಾದಿಯಾಗಿ ಹೊರಟು ಪುಟ ದಾಟಿ ಇಳಿದು ವಿಎಂಸಿಂಬಲ್ಸ್ ತನಕ ಹೋಗುತ್ತದೆ. ಎಣಿಸಲು ಕೂತವನಿಗೆ ಕೈಬೆರಳೂ ಕಾಲ್ಬೆರಳೂ ಸೇರಿದರೂ ಸಾಲದು. ಈ ಪಟ್ಟಿಯಲ್ಲಿರುವ ಕಡತಗಳಿಗೆ -ಓಎಸ್ ತಾಗದು. ಅವು ಹಿಂದಿನಂತೆ -ಓ3ರಲ್ಲೇ, ಪೂರ್ಣ ವೈಭವದಲ್ಲಿ ಕಂಪೈಲ್ ಆಗುತ್ತವೆ.

ಆರ್ಥಿಕ ಮಿತವ್ಯಯದ ಸರ್ಕಾರಿ ಸುತ್ತೋಲೆಗಳನ್ನು ಓದಿ ಬಲ್ಲವರಿಗೆ ಈ ರಚನೆ ಕೂಡಲೇ ಗುರುತು ಸಿಗುತ್ತದೆ. ಮೊದಲ ಪುಟದಲ್ಲಿ ‘ಎಲ್ಲ ಇಲಾಖೆಗಳೂ ಹೊಸ ವಾಹನ ಖರೀದಿಯನ್ನು ಕಡ್ಡಾಯವಾಗಿ ನಿಲ್ಲಿಸತಕ್ಕದ್ದು’. ಅನುಬಂಧದಲ್ಲಿ ವಿನಾಯಿತಿ ಪಡೆದವರ ಪಟ್ಟಿ. ಸುತ್ತೋಲೆಯ ನಿಜವಾದ ಲೇಖಕ ಅನುಬಂಧ ಟೈಪು ಮಾಡಿದವನು.

ವಿನಾಯಿತಿ ಯಾರಿಗೆ ಸಿಕ್ಕಿತು? ಕ್ಲಾಸುಗಳನ್ನು ಓದಿ ಅರ್ಥ ಮಾಡುವ ಕ್ಲಾಸ್‌ಫೈಲ್‌ಪಾರ್ಸರ್, ಯಾವ ಹೆಸರು ಯಾವ ಮೆಥಡ್ಡನ್ನು ಸೂಚಿಸುತ್ತದೆಂದು ಹುಡುಕಿಕೊಡುವ ಲಿಂಕ್‌ರಿಸಾಲ್ವರ್, ಹೆಸರುಗಳನ್ನೆಲ್ಲ ಕೂಡಿಟ್ಟ ಸಿಂಬಲ್‌ಟೇಬಲ್, ಬೀಗ ಹಾಕಿ ತೆಗೆಯುವ ಮ್ಯೂಟೆಕ್ಸ್ ಮತ್ತು ಸಿಂಕ್ರೊನೈಸರ್, ಎಳೆಯ ವಸ್ತುಗಳ ಕಸ ಗುಡಿಸುವ ಡೆಫ್‌ನ್ಯೂಜನರೇಶನ್, ಸಿ1ನ ಒಳಗೆ ರಿಜಿಸ್ಟರುಗಳನ್ನು ಹಂಚುವ ಲೀನಿಯರ್‌ಸ್ಕ್ಯಾನ್. ಇವರೆಲ್ಲ ದಿನವಿಡೀ ಬೆವರು ಸುರಿಸುವವರು, ಇವರ ಹೊಟ್ಟೆಗೆ ಕತ್ತರಿ ಹಾಕಿದರೆ ಯಂತ್ರವೇ ಕುಂಟುತ್ತದೆ. ಒಪ್ಪಿದೆವು. ಕ್ವಿಕ್‌ಸಾರ್ಟ್ ಕೂಡ ಸರಿ, ಹೆಸರಿನಲ್ಲೇ ಅವಸರವಿದೆ. ಆದರೆ ಟೈಮರ್ ಏಕೆ? ಟೈಮರಿನ ಕೆಲಸ ಕಾಲ ಅಳೆಯುವುದು, ಕಾಲ ಉಳಿಸುವುದು ಅಲ್ಲವಷ್ಟೆ. ಈ ಬಗ್ಗೆ ವಿದ್ವಾಂಸರಲ್ಲಿ ಎರಡು ಅಭಿಪ್ರಾಯವಿದೆ, ಮತ್ತು ಎರಡೂ ನಮ್ಮದೇ.

ವಿನಾಯಿತಿ ಸಿಗದವರ ಪಾಡು ಇನ್ನಷ್ಟು ಬೋಧಪ್ರದ. ಯಂತ್ರ ಕುಸಿದು ಬಿದ್ದಾಗ ಕೊನೆಯುಸಿರಿನಲ್ಲಿ ವರದಿ ಬರೆಯುವ ವಿಎಂಎರರ್ ಈ ಪಟ್ಟಿಯಲ್ಲಿಲ್ಲ. ಸಾಯುವವನಿಗೆ ಅವಸರವೇನು ಎಂಬ ವೇದಾಂತ ಇದರ ಹಿಂದಿರಬೇಕು. ಕಮಾಂಡ್ ಸಾಲಿನ ಬೇಡಿಕೆಗಳನ್ನು ಓದುವ ಆರ್ಗ್ಯುಮೆಂಟ್ಸ್ ಕೂಡ ಇಲ್ಲ. ಅದು ಓಡುವುದು ಒಮ್ಮೆ, ಯಂತ್ರ ಏಳುವಾಗ. ಒಮ್ಮೆ ಮಾತ್ರ ಕೆಲಸಕ್ಕೆ ಬರುವವರಿಗೆ ಭತ್ಯೆ ಕೊಡುವುದಿಲ್ಲ.

ಪಟ್ಟಿಯ ಭಾಷಾಶಾಸ್ತ್ರೀಯ ಪರಿಶೀಲನೆಯಿಂದ ಇನ್ನೊಂದು ಸಂಗತಿ ಹೊರಬೀಳುತ್ತದೆ. ಹಲವು ಹೆಸರುಗಳ ಬಾಲದಲ್ಲಿ ‘ಆರ್ಮ್’ ಎಂಬ ಪ್ರತ್ಯಯ ಕಾಣುತ್ತದೆ: ಐಕ್ಯಾಶ್ ಆರ್ಮ್, ಮೆಥಡ್‌ಹ್ಯಾಂಡಲ್ಸ್ ಆರ್ಮ್. ಒರಾಕಲ್ಲಿನ ಆರ್ಮ್ ಪೋರ್ಟ್ ಸಾರ್ವಜನಿಕರ ಕೈಗೆ ಬಂದದ್ದು ಜೆಇಪಿ 297ರ ಮೂಲಕ, ಅದೂ ಜಾವಾ 9ರ ಕಾಲದಲ್ಲೇ. ಅಂಗೈಯಗಲದ ಬೋರ್ಡುಗಳಲ್ಲಿ ಯಂತ್ರವನ್ನು ತುರುಕಬೇಕಾಗಿದ್ದವರ ಕೈಬರಹ ಇದು ಎಂದು ಅನುಮಾನಿಸಲು ಈ ಪ್ರತ್ಯಯವೇ ಸಾಕು. ದೇಶ ನಿರ್ಣಯವಾಯಿತು. ಇದಕ್ಕಿಂತ ಕಡಿಮೆ ಆಧಾರದ ಮೇಲೆ ನಮ್ಮಲ್ಲಿ ಕವಿಗಳ ಹುಟ್ಟೂರು ನಿರ್ಣಯವಾಗಿದೆ.

ವಿಪ್ರತಿಷೇಧ ವಿಚಾರ

ಒಂದೇ ಆಜ್ಞೆಯಲ್ಲಿ -ಓ3 ಮತ್ತು -ಓಎಸ್ ಎರಡೂ ಬಂದರೆ ಗತಿಯೇನು? ಇದು ಕಲ್ಪನೆಯ ತೊಡಕಲ್ಲ. ಲಿಂಕ್ ಮಾಡುವ ಹೊತ್ತಿಗೆ ಮತ್ತೊಮ್ಮೆ ಚೊಕ್ಕ ಮಾಡುವ ಎಲ್‌ಟಿಒ ಎಂಬ ಇನ್ನೊಂದು ಫೀಚರು ತನ್ನ ಜೋಳಿಗೆಯಲ್ಲಿ -ಓ3 ಹೊತ್ತೇ ಬರುತ್ತದೆ. ಆಪ್ಟ್-ಸೈಜನ್ನೂ ಅದನ್ನೂ ಒಟ್ಟಿಗೆ ಕರೆದವನು ಜಗಳ ಬಿಡಿಸಲು ಸಿದ್ಧನಾಗಿರಬೇಕು.

ಜಿಸಿಸಿಯ ನಿಯಮ ಸ್ಪಷ್ಟ: ಇಂಥ ಫ್ಲ್ಯಾಗುಗಳು ಎಷ್ಟೇ ಬರಲಿ, ಕೊನೆಯದು ಗೆಲ್ಲುತ್ತದೆ. ಪಾಣಿನಿ ಅಷ್ಟಾಧ್ಯಾಯಿಯ 1.4.2ರಲ್ಲಿ ಹೇಳಿದ್ದೂ ಇದನ್ನೇ ಎಂದು ಸಂಪ್ರದಾಯ ಹೇಳುತ್ತದೆ: ಎರಡು ಸೂತ್ರ ಜಗಳಕ್ಕೆ ಬಿದ್ದರೆ ಗ್ರಂಥದಲ್ಲಿ ಮುಂದೆ ಬಂದದ್ದಕ್ಕೆ ಜಯ. 2022ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕ ರಿಷಿ ರಾಜ್‌ಪೋಪಟ್ ಇದನ್ನು ಪ್ರಶ್ನಿಸಿದರು. ಗ್ರಂಥದಲ್ಲಿ ಮುಂದಿನದು ಎಂದಲ್ಲ, ಪದದಲ್ಲಿ ಬಲಗಡೆಯ ಭಾಗಕ್ಕೆ ಅನ್ವಯಿಸುವ ವಿಧಿ ಎಂದು ಅರ್ಥ ಮಾಡಬೇಕು ಎಂಬುದು ಅವರ ವಾದ. ಪಂಡಿತರು ಎರಡು ಬಣವಾದರು. ಕಮಾಂಡ್ ಸಾಲಿನಲ್ಲಿ ಮುಂದೆ ಬರುವುದು ಯಾವಾಗಲೂ ಬಲಗಡೆಯೇ ಬರುವುದರಿಂದ ಜಿಸಿಸಿ ಮಟ್ಟಿಗೆ ಎರಡೂ ಬಣ ಗೆದ್ದಂತಾಯಿತು. ಈ ಸಮನ್ವಯವನ್ನು ಸಾಧಿಸಿದ ಕೀರ್ತಿ ನಮಗೆ ಸಲ್ಲಬೇಕು, ಸಲ್ಲದಿದ್ದರೆ ಮುಂದಿನ ವಿಚಾರಸಂಕಿರಣದಲ್ಲಿ ಕೇಳಿ ಪಡೆಯುತ್ತೇವೆ.

ಪ್ರಾಂತ್ಯಭೇದವನ್ನೂ ಇಲ್ಲೇ ಹೇಳಿಬಿಡಬೇಕು. ಮೈಕ್ರೊಸಾಫ್ಟಿನ ಕಂಪೈಲರಿನಲ್ಲಿ ಓ1 ಎಂದರೆ ಚಿಕ್ಕದು, ಓ2 ಎಂದರೆ ವೇಗದ್ದು. ಜಿಸಿಸಿಯಲ್ಲಿ ಓ1 ಎಂದರೆ ಸೌಮ್ಯ, ಓ2 ಎಂದರೆ ಗಟ್ಟಿ. ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರಿನಲ್ಲಿ ಮೊದಲೇ ಇದ್ದ -ಓಜಡ್ ಎಂಬ ಕಠೋರ ಉಪವಾಸ 2022ರ ಜಿಸಿಸಿ 12ರಿಂದ ಅಲ್ಲಿಗೂ ಬಂದಿದೆ. ಬಿಲ್ಡ್ ವ್ಯವಸ್ಥೆ ನೇರವಾಗಿ -ಓಎಸ್ ಎನ್ನದೆ ‘ಸೈಜ್’ ಎಂಬ ಭಾವವಾಚಕವನ್ನು ನಡುವೆ ಇಟ್ಟುಕೊಂಡದ್ದು ಈ ಬಾಬೆಲ್ಲಿನ ಕಾರಣಕ್ಕೇ.

ಆಕ್ಷೇಪ: ವೇಗ ಯಾರದು?

ಇಷ್ಟೆಲ್ಲ ಮಾಡಿದರೆ ನನ್ನ ಜಾವಾ ಪ್ರೋಗ್ರಾಮು ನಿಧಾನವಾಗುವುದಿಲ್ಲವೇ ಎಂದು ಕೇಳುವವರು ಎಲ್ಲ ಸಭೆಯಲ್ಲೂ ಇರುತ್ತಾರೆ, ಸಾಮಾನ್ಯವಾಗಿ ಮೂರನೆಯ ಸಾಲಿನಲ್ಲಿ. ಅವರಿಗೆ ಸಮಾಧಾನ ಹೀಗೆ. ಜಾವಾ ಪ್ರೋಗ್ರಾಮಿನ ಬಿಸಿ ಭಾಗಗಳನ್ನು ಯಂತ್ರಭಾಷೆಗೆ ತಿರುಗಿಸುವುದು ಯಂತ್ರದೊಳಗಿನ ಸಿ1. ಪ್ರೋಗ್ರಾಮು ಓಡುತ್ತಿರುವಾಗಲೇ ತಿರುಗಿಸುತ್ತದೆ. ಹಾಗೆ ಹುಟ್ಟಿದ ಕೋಡಿಗೆ ಜಿಸಿಸಿಯ ಮುಖ ಪರಿಚಯವೇ ಇಲ್ಲ, ಆದ್ದರಿಂದ -ಓಎಸ್ ಅದನ್ನು ಮುಟ್ಟದು. ನಿಧಾನವಾಗುವುದು ಆ ಕೋಡನ್ನು ಹುಟ್ಟಿಸುವ ಸೂಲಗಿತ್ತಿ: ಕಂಪೈಲ್ ಮಾಡಲು ಹಿಡಿಯುವ ಹೊತ್ತು, ಕಸ ಗುಡಿಸುವಾಗ ನಿಲ್ಲುವ ಹೊತ್ತು, ಯಂತ್ರ ಎದ್ದು ಕಣ್ಣುಜ್ಜಿಕೊಳ್ಳುವ ಹೊತ್ತು. ಅನುಬಂಧದ ಪಟ್ಟಿ ಹುಟ್ಟಿದ್ದೇ ಈ ಹೊತ್ತುಗಳನ್ನು ಕಾಯಲು. ಸಿ1ನ ಕಡತಗಳು ಅದರಲ್ಲಿ ಏಕೆ ಕೂತಿವೆ ಎಂಬುದು ಈಗ ತಿಳಿಯಿತು.

ಮೂರನೆಯ ಸಾಲಿನವರು ಅಷ್ಟಕ್ಕೇ ಕೂರುವುದಿಲ್ಲ. ಯಂತ್ರದಲ್ಲಿ ಇಷ್ಟು ಉಳಿಸಿ, ಅದು ಓಡುವಾಗ ತೆಗೆದುಕೊಳ್ಳುವ ಹೀಪ್ ಎಂಬ ಮೆಮೊರಿ ಎಷ್ಟು ಎನ್ನುತ್ತಾರೆ. ಏನೂ ಹೇಳದೆ ಬಿಟ್ಟರೆ ಹಾಟ್‌ಸ್ಪಾಟು ಮೆಮೊರಿಯ ಕಾಲು ಭಾಗದವರೆಗೆ ಹೀಪ್ ಬೆಳೆಸಬಲ್ಲದು. 16 ಜಿಬಿ ಲ್ಯಾಪ್‌ಟಾಪಿನಲ್ಲಿ 4 ಜಿಬಿ. ಈ ಪ್ರಶ್ನೆ ನಮ್ಮ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಪ್ರಮಾಣ ಪರೀಕ್ಷೆ

ಮೈ ಕರಗಿತೇ ಎಂದು ತಿಳಿಯುವುದು ಹೇಗೆ? ಎಲ್‌ಎಸ್ ಎಂಬ ಆಜ್ಞೆಯಿಂದ ಕಡತದ ತೂಕ ನೋಡುವುದು ಪ್ರತ್ಯಕ್ಷ ಪ್ರಮಾಣ. ಚಾರ್ವಾಕರು ಇದೊಂದನ್ನೇ ಒಪ್ಪುತ್ತಿದ್ದರು, ಅದಕ್ಕೇ ಅವರ ಬಿಲ್ಡುಗಳು ಉಳಿದಿಲ್ಲ. ಡೀಬಗ್ ಸಿಂಬಲ್ಲುಗಳನ್ನು ಕಡತದ ಒಳಗೇ ಇಡುವಂತೆ ಕಾನ್ಫಿಗರ್ ಮಾಡಿದ್ದರೆ ಕೃಶವೆಂದು ಕಟ್ಟಿದ ಯಂತ್ರ ಎಲ್‌ಎಸ್ ಮುಂದೆ ಆನೆಯಂತೆ ನಿಲ್ಲುತ್ತದೆ. ‘ಸೈಜ್’ ಎಂಬ ಇನ್ನೊಂದು ಉಪಕರಣ ಟೆಕ್ಸ್ಟ್, ಡೇಟಾ, ಬಿಎಸ್‌ಎಸ್ ಎಂದು ಅಂಗಾಂಗ ಬಿಡಿಸಿ ತೂಗುತ್ತದೆ. -ಓಎಸ್ ಕೆಲಸ ಮಾಡಿದೆಯೇ ಎಂಬುದು ಟೆಕ್ಸ್ಟ್ ಎಂಬ ಕಾಲಮ್ಮಿನಲ್ಲಿ ಕಾಣಬೇಕು.

ಅಪವಾದ ಅನ್ವಯಿಸಿತೇ ಎಂದು ತಿಳಿಯಲು ಶಾಸನ ಪರಿಶೀಲನೆ ಬೇಕು. ಬಿಲ್ಡ್ ವ್ಯವಸ್ಥೆ ಪ್ರತಿ ಆಬ್ಜೆಕ್ಟ್ ಕಡತದ ಪಕ್ಕದಲ್ಲೂ ‘ಕಮಾಂಡ್‌ಲೈನ್’ ಎಂಬ ಬಾಲವಿರುವ ಪುಟ್ಟ ಕಡತವೊಂದನ್ನು ನೆಟ್ಟು ಹೋಗುತ್ತದೆ. ಕಂಪೈಲರನ್ನು ಯಾವ ಫ್ಲ್ಯಾಗುಗಳಿಂದ ಕರೆಯಲಾಯಿತು ಎಂಬುದು ಅದರಲ್ಲಿ ಅಕ್ಷರಶಃ ಕೆತ್ತಿರುತ್ತದೆ. ವಿಎಂಎರರ್‌ನದನ್ನು ತೆರೆದರೆ ಉದ್ದನೆಯ ಸಾಲಿನಲ್ಲಿ ಎಲ್ಲೋ -ಓಎಸ್ ಸಿಗುತ್ತದೆ. ಸಿಂಬಲ್‌ಟೇಬಲ್‌ನದರಲ್ಲಿ -ಓ3 ಸಿಗಬೇಕು.

ಸಿಗದಿದ್ದರೆ ಲಿಪಿಕಾರದೋಷವನ್ನು ಶಂಕಿಸತಕ್ಕದ್ದು. ಪಟ್ಟಿಯ ಪ್ರತಿ ಹೆಸರಿಗೂ ಮೇಕ್ ಮಾಡುವುದು ಇಷ್ಟೇ: ಆ ಹೆಸರು ಸೇರಿಸಿ ಒಂದು ವೇರಿಯಬಲ್ ಹುಟ್ಟಿಸಿ ಅದಕ್ಕೆ ‘ಹೈಯೆಸ್ಟ್’ ಎಂಬ ಬೆಲೆ ಕೊಡುವುದು. ಆ ಹೆಸರಿನ ಕಡತ ಲೋಕದಲ್ಲಿ ಇದೆಯೇ ಎಂದು ಅದು ವಿಚಾರಿಸುವುದಿಲ್ಲ. ಮೂಲಕೋಡಿನಿಂದ ಎಂದೋ ಅಳಿಸಿಹೋದ ಕಡತದ ಹೆಸರು ಪಟ್ಟಿಯಲ್ಲಿ ಉಳಿದರೆ ಸ್ವರ್ಗಸ್ಥರ ಹೆಸರಿಗೆ ವಿನಾಯಿತಿ ಮುಂದುವರಿಯುತ್ತದೆ, ದೂರು ಹೇಳುವವರಿಲ್ಲ. ಹೊಸದಾಗಿ ಪಟ್ಟಿ ತಿದ್ದುವವನೊಬ್ಬ ಸಿಂಬಲ್‌ಟೇಬಲ್ ಎಂಬ ಹೆಸರಿನ ನಡುವಿನ ದೊಡ್ಡ ‘ಟಿ’ಯನ್ನು ಸಣ್ಣ ‘ಟಿ’ಯಾಗಿ ಬರೆದನೆನ್ನಿ. ಮೇಕ್ ಎಚ್ಚರಿಸುವುದಿಲ್ಲ, ಜಿಸಿಸಿ ಗೊಣಗುವುದಿಲ್ಲ, ಬಿಲ್ಡು ಸುಸೂತ್ರವಾಗಿ ಮುಗಿಯುತ್ತದೆ. ವಿನಾಯಿತಿ ಯಾರೂ ಇಲ್ಲದ ಹೆಸರಿಗೆ ಹೋಗಿ, ನಿಜವಾದ ಕಡತ -ಓಎಸ್ ಪಂಕ್ತಿಯಲ್ಲಿ ಕೂತುಬಿಡುತ್ತದೆ. ಅಕ್ಷರ ಸಣ್ಣದಾಯಿತು, ಆಬ್ಜೆಕ್ಟ್ ಕಡತವೂ ಸಣ್ಣದಾಯಿತು.